ಅಕ್ಕನ ಬ್ಯಾಟರಿಗೆ ಹೊಸ ಬಲ್ಬು

ನಮ್ಮೂರಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಕತ್ತಲಾಗುತ್ತದೆ. ಎರಡು ತಾಸು ಇದ್ದು ಹೋಗುತ್ತದೆ. ಅದಕ್ಕೆ ನಾವು ಮುಸುಕು ಎನ್ನುತ್ತೇವೆ. ಮುಸುಕು ಬಿದ್ದಾಗ ಕಂಬದ ದೀಪ, ಲಾಟೀನು, ಒಲೆಯ ಬೆಂಕಿ ಯಾವುದೂ ಬೆಳಕು ಕೊಡುವುದಿಲ್ಲ. ಒಲೆ ಉರಿಯುತ್ತದೆ, ಅನ್ನ ಬೇಯುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಸೆಲ್ಲು ಹಾಕಿದ ಕೈಬ್ಯಾಟರಿಯ ಬೆಳಕೊಂದೇ ಕಾಣುವುದು. ಮಾತೂ ಅಷ್ಟೆ. ಎದುರಿಗೆ ನಿಂತು ಗಂಟಲು ಹರಿದುಕೊಂಡರೂ ಬಾಯಿ ಅಲ್ಲಾಡುತ್ತದೆಯೇ ಹೊರತು ಸದ್ದು ಬರುವುದಿಲ್ಲ. ಹೊಸದಾಗಿ ಬಂದ ಬಸ್ಸಿನ ಕಂಡಕ್ಟರೊಬ್ಬ ಮೊದಲ ದಿನ ಮುಸುಕಿನಲ್ಲಿ ಸಿಕ್ಕಿಕೊಂಡು ಮಗುವಿನ ಹಾಗೆ ಅತ್ತಿದ್ದ. ನಮ್ಮ ಹೆಂಗಸರು ಕೈ ಹಿಡಿದು ಕೂರಿಸಿ ಮೊಸರನ್ನ ತಿನ್ನಿಸಿ ಕಳಿಸಿದರು.

ಮುಸುಕಿನಲ್ಲಿ ಹೊರಗಿರುವವರು ಮನೆ ಸೇರಬೇಕು. ಅದಕ್ಕೆ ಪ್ರತಿ ಮನೆಯಲ್ಲೂ ಒಬ್ಬರು ಬ್ಯಾಟರಿ ಹಿಡಿದು ಮಾಳಿಗೆ ಹತ್ತುತ್ತಾರೆ. ತಮ್ಮವರು ಬರುವ ದಿಕ್ಕಿಗೆ ಬೆಳಕು ಬಿಟ್ಟು ನಿಲ್ಲುತ್ತಾರೆ. ಬರುವವನು ಊರ ಮುಂದಿನ ಬಯಲಿಗೆ ಬರುತ್ತಲೇ ತನ್ನ ಕೈಯ ಬ್ಯಾಟರಿ ಆರಿಸಿಬಿಡಬೇಕು. ತನ್ನ ಬೆಳಕು ಆರಿಸಿದರೇನೇ ದೂರದ ಬೆಳಕು ಸರಿಯಾಗಿ ಕಾಣುವುದು. ನೂರಾರು ಬೆಳಕುಗಳ ನಡುವೆ ತನ್ನ ಮನೆಯದನ್ನು ಗುರುತು ಹಿಡಿದು, ಅದನ್ನು ನೋಡಿಕೊಂಡು ನಡೆಯಬೇಕು. ಒಂದು ಮನೆಯ ಬೆಳಕಿನಂತೆ ಇನ್ನೊಂದು ಮನೆಯದು ಇರುವುದಿಲ್ಲ. ಒಂದು ತುಸು ಕೆಂಪು, ಒಂದು ನಡುವೆ ಕಪ್ಪು ಚುಕ್ಕೆ, ಒಂದು ಓರೆ. ಮದುವೆಯಾದ ಹೆಣ್ಣು ತವರಿನಿಂದ ಬ್ಯಾಟರಿ ತರುತ್ತಾಳೆ. ಗಂಡು ಮೂರು ದಿನ ಬಯಲಿನಲ್ಲಿ ನಿಂತು ಅವಳ ಬೆಳಕು ಕಲಿಯಬೇಕು. ತಾಳಿ ಕಟ್ಟಿದ್ದಕ್ಕಿಂತ ನಮಗೆ ಅದೇ ದೊಡ್ಡ ಶಾಸ್ತ್ರ.

ನಮ್ಮ ಭಾವ ವೀರಭದ್ರಾಚಾರಿ ಬೆಳಕು ಕಲಿಯಲು ಹೋದ ಮೊದಲ ದಿನ ಬೇರೆ ಯಾವುದೋ ಬೆಳಕಿನ ಬೆನ್ನು ಹತ್ತಿ ಹೋಗಿ, ಯಾರದೋ ಕೊಟ್ಟಿಗೆಗೆ ನುಗ್ಗಿ, ಎಮ್ಮೆಯ ಕಾಲು ಹಿಡಿದುಕೊಂಡಿದ್ದರಂತೆ. ಅಕ್ಕ ಅದನ್ನು ಇಪ್ಪತ್ತೆರಡು ವರ್ಷ ಹೇಳಿಕೊಂಡು ನಕ್ಕಳು. ಆದರೆ ಎರಡನೆಯ ದಿನದಿಂದ ಭಾವ ಒಂದು ಸಲವೂ ತಪ್ಪಲಿಲ್ಲ. ಬಂಡೆಯಲ್ಲಿ ಒರಳು, ರುಬ್ಬುಗುಂಡು ಕಡೆಯುವ ಕೆಲಸ ಅವರದು. ಮುಸುಕು ಬೀಳುತ್ತಲೇ ಉಳಿ ಸುತ್ತಿಗೆ ಕಟ್ಟಿಟ್ಟು, ಬಂಡೆಯಿಂದ ಇಳಿದು, ಅಕ್ಕನ ಬೆಳಕನ್ನು ಗುರುತಿಟ್ಟುಕೊಂಡು, ಬಯಲಿನ ನಡುವಿನ ಹಳೆಯ ಕಲ್ಲುಗುಂಡಿಗಳನ್ನು ಬಲಕ್ಕೆ ಬಿಟ್ಟು ಬಳಸಿ ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು.

ಅಕ್ಕನ ಹೆಸರು ಕಾಳಮ್ಮ. ಅವಳ ಬ್ಯಾಟರಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಎರಡು ಸೆಲ್ಲಿನದು, ನಮ್ಮವ್ವನದು. ಅವ್ವ ಸತ್ತಾಗ ನನಗೆ ಆರು ವರ್ಷ, ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಮದುವೆಯಾಗಿ ಬಂದ ಅಕ್ಕ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಬಂದಳು. ಭಾವ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, "ಇದಕ್ಕೆ ಎಷ್ಟು ಸೆಲ್ಲು ಹಾಕ್ಬೇಕಮ್ಮಾ?" ಎಂದು ಕೇಳಿದರಂತೆ. ನಾನು ಶಾಲೆಯಿಂದ ಬರುತ್ತಿದ್ದುದೂ ಅದೇ ಬೆಳಕು ನೋಡಿಕೊಂಡು. ಹಳದಿ ಬೆಳಕು, ಹಣ್ಣಾದ ನಿಂಬೆಯ ಬಣ್ಣ. ಒಳಗಿನ ಸ್ಪ್ರಿಂಗು ಸಡಿಲವಾಗಿದ್ದುದರಿಂದ ಆಗಾಗ ಒಮ್ಮೆ ಮಂಕಾಗಿ ಮತ್ತೆ ಸರಿಹೋಗುತ್ತಿತ್ತು. "ನಿಮ್ಮಕ್ಕ ಅಲ್ಲಿಂದ್ಲೇ ಕಣ್ಣು ಹೊಡೀತಾಳೆ ಕಣೋ" ಎಂದು ಭಾವ ನನಗೆ ಹೇಳುತ್ತಿದ್ದರು, ಅವಳಿಗೆ ಕೇಳಿಸುವ ಹಾಗೆ.

ದೊಡ್ಡವನಾದ ಮೇಲೆ ನಾನು ಬ್ಯಾಟರಿ ರಿಪೇರಿಯ ಅಂಗಡಿ ಹಾಕಿ ಅಲ್ಲೇ ಇರತೊಡಗಿದೆ. ಮೊದಲ ಬೆಸುಗೆ ಕಡ್ಡಿ ಕೊಡಿಸಿದವರೂ ಭಾವನೇ. ನಮ್ಮೂರಲ್ಲಿ ಈ ಕಸುಬಿಗೆ ಮರ್ಯಾದೆ ಇದೆ. ಯಾರದೇ ಬಲ್ಬು ಸುಟ್ಟುಹೋದರೂ ಓಡಿ ಬರುವುದು ನನ್ನ ಹತ್ತಿರ. ಹಳೆಯ ಬಲ್ಬು ಹೇಗೆ ಉರಿಯುತ್ತಿತ್ತೋ ಅದೇ ಬಣ್ಣ, ಅದೇ ಕಾವು ಇರುವ ಇನ್ನೊಂದನ್ನು ಹುಡುಕಿ ಹಾಕಬೇಕು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಳೆಯ ಬಲ್ಬುಗಳನ್ನು ತುಂಬಿಟ್ಟುಕೊಂಡಿದ್ದೇನೆ. ಒಂದೊಂದನ್ನೇ ಹಾಕಿ ಬೆಳಗಿಸಿ, ಬೆಳಕನ್ನು ಗೋಡೆಯ ಮೇಲೆ ಬಿಟ್ಟು, "ಇದಾ? ಇದಾ?" ಎನ್ನುತ್ತಾ ಹೋಗುತ್ತೇನೆ. ಎಷ್ಟೇ ಹೊಂದಿದರೂ ಹೊರಗೆ ಹೋಗುವವರಿಗೆ ಒಂದು ಮಾತು ಹೇಳಿಯೇ ಹೊಸದನ್ನು ಹಾಕುವುದು. ಇದನ್ನು ಊರಿಗೆಲ್ಲ ಹೇಳಿಕೊಡುವವನು ನಾನೇ. ಮೌನೇಶನ ಕೈ ಮುಟ್ಟಿದ ಬೆಳಕು ತಪ್ಪುವುದಿಲ್ಲ ಎಂದು ಜನ ಅನ್ನುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೂ ಸ್ವಲ್ಪ ತಲೆಗೇರಿತ್ತು.

ಹೋದ ವರ್ಷದಿಂದ ಭಾವನ ಕಣ್ಣು ಮಂಜಾಗುತ್ತ ಬಂತು. ಕಲ್ಲಿನ ಪುಡಿ ತಿಂದ ಕಣ್ಣು, ಎಷ್ಟು ದಿನ ತಡೆದೀತು. ಬರುವುದು ತಡವಾಗತೊಡಗಿತು. ಒಂದು ದಿನ ಜಾಲಿಯ ಬೇಲಿಗೆ ಬಿದ್ದು ಬಂದರು. ಇನ್ನೊಂದು ದಿನ ಮೊಣಕಾಲು ತರಚಿಕೊಂಡು ಬಂದರು. ಅಕ್ಕ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ಬ್ಯಾಟರಿಯನ್ನು ನನ್ನ ಮುಂದಿಟ್ಟಳು.

"ಲೋ ಮೌನಿ, ಇದು ಅವ್ರಿಗೆ ಸಾಲ್ತಿಲ್ಲ ಕಣೋ. ಗುಂಡಿ ಕಡೆ ಕಾಲಿಟ್ರೆ ಏನು ಗತಿ? ಇನ್ನೊಂಚೂರು ಜೋರಾಗಿ ಬರೋ ಹಂಗೆ ಮಾಡ್ಕೊಡು."

ಆಗಲೇ ನನ್ನ ಅಂಗಡಿಗೆ ಎಲ್ಇಡಿ ಬಲ್ಬು ಬಂದು ನಾಲ್ಕು ದಿನವಾಗಿತ್ತು. ಸಾಮಾನು ಮಾರುವವನೊಬ್ಬ ಪಟ್ಟಣದಿಂದ ಹತ್ತು ತಂದುಕೊಟ್ಟಿದ್ದ. ಹಳೆಯ ಬಲ್ಬಿನದೇ ಅಳತೆ, ಅದೇ ತಿರುಪು, ಬೆಳಕು ಮಾತ್ರ ಹತ್ತು ಪಟ್ಟು. ಊರಲ್ಲಿ ಇನ್ನೂ ಯಾರಿಗೂ ಹಾಕಿರಲಿಲ್ಲ. ಮೊದಲನೆಯದು ನಮ್ಮಕ್ಕನ ಮಾಳಿಗೆಯಲ್ಲೇ ಬೆಳಗಲಿ ಎಂದು ನನಗೆ ಆಸೆ ಹುಟ್ಟಿತು.

ಮಾರನೆಯ ಬೆಳಿಗ್ಗೆ ಭಾವ ಬಂಡೆಗೆ ಹೋದ ಮೇಲೆ ಸಾಮಾನು, ಬಲ್ಬಿನ ಡಬ್ಬಿ ತಂದು ಅಕ್ಕನ ಮನೆಯ ಜಗುಲಿಯಲ್ಲಿ ಕೂತು ಬ್ಯಾಟರಿ ಬಿಚ್ಚಿದೆ. ಮುಂದಿನ ಗಾಜು ಹಿಡಿದಿಡುವ ಬಳೆ ತಿರುಗಿಸಿ ತೆಗೆದು, ಒಳಗಿನ ಹೊಳೆಯುವ ಬಟ್ಟಲನ್ನು ಹತ್ತಿಯಿಂದ ಒರೆಸಿ, ಹಳೆಯ ಬಲ್ಬನ್ನು ಕಳಚಿದೆ. ಅದರ ಗಾಜಿನ ಒಂದು ಮಗ್ಗುಲು ಹೊಗೆ ಹಿಡಿದಂತೆ ಕಪ್ಪಾಗಿತ್ತು. ಬುಡದಲ್ಲಿ ನಮ್ಮಪ್ಪ ಹಾಕಿದ ಬೆಸುಗೆಯ ಹನಿ. ಅದನ್ನು ನಾನು ಕೂತಲ್ಲಿಂದಲೇ ಡಬ್ಬಿಯೊಳಕ್ಕೆ ಎಸೆದೆ. ಟಣ್ಣೆಂದಿತು. ಹೊಸ ಬಲ್ಬು ತಿರುಗಿಸಿ ಹಾಕಿದರೆ ಹತ್ತಲಿಲ್ಲ. ಅಕ್ಕ ನಕ್ಕಳು. "ಏನ್ಲಾ, ಊರಿಗೆಲ್ಲ ದೊಡ್ಡ ರಿಪೇರಿಯೋನು!" ಹಳೆಯ ಬಲ್ಬಿಗೆ ಸೆಲ್ಲು ಹೇಗೆ ಹಾಕಿದರೂ ನಡೆಯುತ್ತಿತ್ತು, ಅಕ್ಕನ ಬ್ಯಾಟರಿಯಲ್ಲಿ ಅವು ಯಾವತ್ತೂ ತಲೆಕೆಳಗು. ಇದಕ್ಕೆ ಹಾಗಲ್ಲ, ಸೆಲ್ಲಿನ ನೆತ್ತಿ ಬಲ್ಬಿನ ಕಡೆಗೇ ಇರಬೇಕು. ಸೆಲ್ಲು ತಿರುಗಿಸಿ ಹಾಕಿದೆ. ಮಂಕಾಗುವ ಚಾಳಿಯೂ ಹೋಗಲಿ ಎಂದು ಸಡಿಲ ಸ್ಪ್ರಿಂಗನ್ನು ಕಿತ್ತು ಬಿಗಿಯಾದದ್ದನ್ನು ಕೂರಿಸಿದೆ, ತುಕ್ಕು ಹಿಡಿದ ಕಡೆ ಉಪ್ಪುಕಾಗದ ಉಜ್ಜಿದೆ. ಗುಂಡಿ ಒತ್ತಿದಾಗ ಹಗಲಲ್ಲೇ ಜಗುಲಿಯ ಗೋಡೆ ಬೆಳ್ಳಗಾಯಿತು. ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಅವ್ರಿಗೆ ಒಂದ್ಮಾತು ಹೇಳ್ಬೇಕಿತ್ತಲ್ಲೋ?" ಎಂದಳು.

"ಹೇಳೋದೇನಕ್ಕಾ, ಮಧ್ಯಾಹ್ನ ಅವರೇ ನೋಡ್ಲಿ ಬಿಡು. ಕಣ್ಣಿಗೆ ರಾಚುತ್ತೆ. ಗೊತ್ತಾಗದೆ ಇರುತ್ತಾ?"

ಅಕ್ಕ ಬ್ಯಾಟರಿ ಇಸಿದುಕೊಂಡು ಆರಿಸಿದಳು. ಆಮೇಲೆ, "ನಿಂಗೇ ಗೊತ್ತು ಬಿಡಪ್ಪ" ಎಂದು ಒಳಗೆ ಹೋಗಿ ಒಲೆ ಹಚ್ಚಿದಳು. ಬಂಡೆ ಅಲ್ಲಿಂದ ಅರ್ಧ ತಾಸಿನ ದಾರಿ. ಮುಸುಕಿಗೆ ಇನ್ನೂ ಮೂರು ತಾಸಿತ್ತು. ನಾನು ಹೋಗಿ ಹೇಳಿ ಬರಬಹುದಿತ್ತು. ಭಾವ ಬೆರಗಾಗುವುದನ್ನು ನೋಡಬೇಕೆಂದು ಹೋಗಲಿಲ್ಲ.

ಅವತ್ತು ಅಂಗಡಿ ಬೇಗ ಮುಚ್ಚಿ ಅಕ್ಕನ ಜೊತೆ ನಾನೂ ಮಾಳಿಗೆ ಹತ್ತಿದೆ. ಮುಸುಕು ಬಿತ್ತು. ಅಕ್ಕ ಗುಂಡಿ ಒತ್ತಿದಳು. ಬಿಳಿಯ ಬೆಳಕು ಬಯಲನ್ನು ಸೀಳಿಕೊಂಡು ಹೋಗಿ ಆಚೆಯ ಜಾಲಿ ಪೊದೆಯನ್ನು ಮುಟ್ಟಿತು. ಸುತ್ತಮುತ್ತಲ ಮಾಳಿಗೆಗಳ ಬೆಳಕುಗಳೆಲ್ಲ ಒಂದು ಕ್ಷಣ ನಮ್ಮ ಕಡೆ ತಿರುಗಿದವು. ನನಗೆ ಎದೆ ಉಬ್ಬಿತು. ಅಕ್ಕನ ಭುಜ ತಟ್ಟಿ, ನೋಡಿದೆಯಾ ಎಂದು ಕೈಸನ್ನೆ ಮಾಡಿದೆ. ಅವಳು ನಗಲಿಲ್ಲ. ಕಣ್ಣು ಬಯಲಿನ ಮೇಲೇ ಇತ್ತು.

ಭಾವ ಬರುವ ಹೊತ್ತಾಯಿತು. ಬರಲಿಲ್ಲ. ಅಕ್ಕಪಕ್ಕದ ಮಾಳಿಗೆಗಳಲ್ಲಿ ಒಂದೊಂದೇ ಬೆಳಕು ಕೆಳಗಿಳಿಯಿತು, ಅವರವರು ಬಂದು ಮುಟ್ಟಿದರು ಎಂದು ಅರ್ಥ. ಕೊನೆಗೆ ಮೂರೋ ನಾಲ್ಕೋ ಉಳಿದವು. ಅಕ್ಕ ಕೈ ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ನಾನು ಇಳಿದು ಹೋಗುತ್ತೇನೆಂದು ಸನ್ನೆ ಮಾಡಿದರೆ ನನ್ನ ತೋಳು ಹಿಡಿದುಕೊಂಡು ಬಿಡಲೇ ಇಲ್ಲ. ಅವಳ ಉಗುರು ಒತ್ತಿದ ಗುರುತು ಎರಡು ದಿನ ನನ್ನ ತೋಳಿನಲ್ಲಿತ್ತು.

ಮುಸುಕು ಹೋಗುವಾಗ ಮೊದಲು ಸದ್ದು ಬರುತ್ತದೆ, ಆಮೇಲೆ ಬೆಳಕು. ಹಾಗಾಗಿ ನಾವು ಮೊದಲು ಕೇಳಿದೆವು. ಬಯಲಿನ ಕಡೆಯಿಂದ ಯಾರೋ ಕೂಗುತ್ತಿದ್ದರು. ಅದು ಬಂಡೆಯಲ್ಲಿ ಭಾವನ ಜೊತೆ ಕೆಲಸ ಮಾಡುವ ಬುಡೇನ್ ಸಾಬರ ದನಿ. ಅವರು ಭಾವನ ಹೆಸರು ಹಿಡಿದು ಕೂಗುತ್ತಿದ್ದರು. ಇನ್ನೂ ಏನೂ ಕಾಣುತ್ತಿರಲಿಲ್ಲ. ಅಕ್ಕ ಆ ಕತ್ತಲಲ್ಲೇ ಮೆಟ್ಟಿಲಿಳಿದು ಓಡಿದಳು.

ಭಾವ ಹಳೆಯ ಕಲ್ಲುಗುಂಡಿಯಲ್ಲಿ ಬಿದ್ದಿದ್ದರು. ಉಸಿರು ನಿಂತು ಬಹಳ ಹೊತ್ತಾಗಿತ್ತು. ಅವರ ಕೈಬ್ಯಾಟರಿ ದಂಡೆಯ ಮೇಲೆ ಸಿಕ್ಕಿತು, ಆರಿಸಿಟ್ಟದ್ದು ಆರಿಸಿದ ಹಾಗೇ.

ಬುಡೇನ್ ಸಾಬರು ಆ ಸಂಜೆ ಅಕ್ಕನ ಜಗುಲಿಯಲ್ಲಿ ಕೂತು ಹೇಳಿದ್ದನ್ನು ನಾನು ಮರೆಯಲಾರೆ. "ಇಬ್ರೂ ಜೊತೇಲೇ ಬಯಲಿಗೆ ಬಂದ್ವಿ ತಾಯಿ. ಬ್ಯಾಟ್ರಿ ಆರಿಸಿ ನಿಂತ್ವಿ. ಆಚಾರ್ರು ಪಕ್ಕದಲ್ಲೇ ಆ ಕಡೆ ಈ ಕಡೆ ತಿರುಗೋದು ಭುಜಕ್ಕೆ ತಾಗ್ತಿತ್ತು. ಆಮೇಲೆ ನನ್ನ ಕೈ ಹಿಡ್ಕಂಡು ನಿಮ್ಮನೆ ದಿಕ್ಕಿಗೆ ತೋರಿಸಿದ್ರು. ಬಿಡದೆ ಮತ್ತೆ ಮತ್ತೆ ತೋರಿಸಿದ್ರು. ಅಲ್ಲಿ ಬೆಳ್ಳಗೆ ದೊಡ್ಡ ಬೆಳಕು ಕಾಣ್ತಿತ್ತು. ಹೊಸಾದು ಹಾಕ್ಸವ್ರೆ, ಖುಷಿಯಾಗಿ ತೋರಿಸ್ತಾವ್ರೆ ಅಂದ್ಕಂಡೆ. ಶಭಾಷ್ ಅಂತ ಬೆನ್ನು ತಟ್ಟಿದೆ. ಬೆನ್ನು ತಟ್ಟಿದೆ ಕಣಮ್ಮಾ ನಾನು! ಕೈ ಕೊಡವಿಕೊಂಡು ಓಡಿಬಿಟ್ರು. ಹಿಡಿಯೋಕಾಗ್ಲಿಲ್ಲ."

ಆದದ್ದೇನೆಂದು ಎಲ್ಲರಿಗೂ ತಿಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪದ ಹಳದಿ ಬೆಳಕು ಅವತ್ತು ಭಾವನಿಗೆ ಕಾಣಲಿಲ್ಲ. ಕಣ್ಣು ಮಂಜಾಗಿದ್ದರೂ ಅದೊಂದನ್ನು ಅವರು ಗುರುತು ಹಿಡಿಯುತ್ತಿದ್ದರು. ಅದು ಇಲ್ಲವೆಂದರೆ ಅಕ್ಕ ಮಾಳಿಗೆ ಹತ್ತಿಲ್ಲ, ಹತ್ತಿಲ್ಲವೆಂದರೆ ಅವಳಿಗೆ ಏನೋ ಆಗಿದೆ. ಬಿಳಿಯ ಬೆಳಕು ಯಾರದೋ, ಅದನ್ನು ಕಟ್ಟಿಕೊಂಡು ಅವರಿಗೇನು. ದಾರಿ ಬಿಟ್ಟು ನೆಟ್ಟಗೆ ಮನೆಯ ಕಡೆ ಓಡಿದರು. ನೆಟ್ಟಗೆ ಓಡಿದರೆ ನಡುವೆ ಗುಂಡಿ.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೂರನೆಯ ದಿನ ಮಣ್ಣಿಗೆ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಒಂದೇ ಮಾತು ಕೇಳಿದಳು.

"ಆ ಹಳೇ ಬಲ್ಬು ಎಲ್ಲಿಟ್ಟಿದೀಯ?"

"ಡಬ್ಬೀಲಿದೆ ಅಕ್ಕಾ."

"ಹುಡುಕಿ ಹಾಕ್ಕೊಡು. ನನ್ನ ಬೆಳಕು ಕಾಣೋಗಂಟ ಅವ್ರು ಬಯಲಲ್ಲೇ ಕೂತಿರ್ತಾರೆ. ಹನ್ನೊಂದ್ನೇ ದಿನದ ತಿಥಿ ಒಳಗೆ ತೋರಿಸ್ಬೇಕು."

ನಾನು ಅಂಗಡಿಗೆ ಓಡಿ ಡಬ್ಬಿಯನ್ನು ಗೋಣಿಚೀಲದ ಮೇಲೆ ಸುರಿದೆ. ಇನ್ನೂರಕ್ಕೂ ಹೆಚ್ಚು ಬಲ್ಬುಗಳಿದ್ದವು. ಆದರೆ ಅಪ್ಪನ ಬೆಸುಗೆಯ ಹನಿ ಇದ್ದದ್ದು ಒಂದೇ, ಬೇಗ ಸಿಕ್ಕಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಕೂದಲಿನಂಥ ತಂತಿ ತುಂಡಾಗಿ ಸಣ್ಣಗೆ ಸದ್ದು ಮಾಡಿತು. ಕಳಚುವಾಗ ಚೆನ್ನಾಗಿಯೇ ಇತ್ತು. ನಾನು ಎಸೆದಾಗ ಮುರಿದದ್ದು. ಒಂದು ಚಿಂದಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರೆ ಮುರಿಯುತ್ತಿರಲಿಲ್ಲ. ಊರಿನವರ ಬಲ್ಬಾಗಿದ್ದರೆ ಹಾಗೆಯೇ ಇಡುತ್ತಿದ್ದೆ. ಅಂಗಡಿಯ ಬಾಗಿಲು ಎಳೆದುಕೊಂಡು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ.

ಅಕ್ಕನಿಗೆ ಹೇಳುವ ಧೈರ್ಯವಾಗಲಿಲ್ಲ. "ಹುಡುಕ್ತಿದೀನಿ ಅಕ್ಕಾ, ಬಹಳ ಇದಾವೆ" ಎಂದೆ. ಅವತ್ತಿನಿಂದ ದಿನಾ ಮಧ್ಯಾಹ್ನ ಐದಾರು ಬಲ್ಬುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮುಸುಕಿಗೆ ಮುಂಚೆ ಅವಳ ಮನೆಗೆ ಹೋಗುತ್ತಿದ್ದೆ. ಕತ್ತಲಾದ ಮೇಲೆ ಮಾಳಿಗೆಯಲ್ಲಿ ಕೂತು ಒಂದೊಂದಾಗಿ ಹಾಕುವೆ. ಅವಳು ಬೆಳಕನ್ನು ಅಂಗೈಗೆ ಬಿಟ್ಟುಕೊಂಡು ನೋಡುವಳು, ತಲೆ ಅಲ್ಲಾಡಿಸುವಳು. ಇನ್ನೊಂದು. ಮತ್ತೆ ತಲೆ ಅಲ್ಲಾಡಿಸುವಳು. ಮುಗಿದ ಮೇಲೆ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ತಟ್ಟೆಯ ಮುಂದೆ ಕೂರಿಸುವಳು. ಮಾತಿಲ್ಲದ ಹೊತ್ತಾದ್ದರಿಂದ ಕ್ಷಮೆ ಕೇಳುವಂತಿರಲಿಲ್ಲ. ನಾನು ಉಣ್ಣುತ್ತಿದ್ದೆ. ಆಕಾರಕ್ಕೆ, ಬಣ್ಣಕ್ಕೆ ಹತ್ತಿರವಿದ್ದವನ್ನೇ ಆರಿಸಿ ಒಯ್ಯುತ್ತಿದ್ದೆ. ಸ್ಪ್ರಿಂಗನ್ನೂ ಇಕ್ಕಳದಿಂದ ಅದುಮಿ ಸಡಿಲ ಮಾಡಿದೆ. ಯಾವುದೂ ಅವಳಿಗೆ ಹಿಡಿಸಲಿಲ್ಲ.

ಹನ್ನೊಂದನೆಯ ದಿನ ಬಂತು. ಅವತ್ತು ಹಾಕಿದ ಎರಡನೆಯ ಬಲ್ಬಿಗೆ ಅಕ್ಕ ತಲೆ ಅಲ್ಲಾಡಿಸಲಿಲ್ಲ. ಅಂಗೈಯ ಮೇಲಿನ ಬೆಳಕನ್ನು ಬಹಳ ಹೊತ್ತು ನೋಡಿದಳು. ಎದ್ದು ಮಾಳಿಗೆಯ ಅಂಚಿಗೆ ಹೋಗಿ ಬಯಲಿನ ಕಡೆ ಬೆಳಕು ಬಿಟ್ಟು ನಿಂತಳು. ಮುಸುಕು ಹೋಗುವವರೆಗೂ ನಿಂತೇ ಇದ್ದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಯಲಿನಿಂದ ಯಾರೂ ಬರಲಿಲ್ಲ, ಬರುವವರೂ ಇರಲಿಲ್ಲ.

ದೂರದಲ್ಲೆಲ್ಲೋ ದನ ಕೂಗಿದ ಸದ್ದು ಕೇಳಿತು. ಮಾತು ಬಂದಿತ್ತು. ಅಕ್ಕ ಬ್ಯಾಟರಿ ಆರಿಸಿದಳು.

"ಇದು ಅದಲ್ಲ ಕಣೋ" ಎಂದಳು.

ನಾನು ಉಳಿದ ಬಲ್ಬುಗಳನ್ನು ಕರವಸ್ತ್ರದಲ್ಲಿ ಕಟ್ಟತೊಡಗಿದೆ.

"ಅದು ಮುರಿದೋಗಿದೆ, ಅಲ್ವಾ?"

"ಹೂಂ ಅಕ್ಕಾ. ನಾನೇ ಮುರಿದೆ. ಭಾವನ್ನೂ ನಾನೇ..."

"ಮೊದಲ್ನೇ ದಿನವೇ ಗೊತ್ತಾಯ್ತು. ಇದ್ದಿದ್ರೆ ನೀನು ಅವತ್ತೇ ತಂದು ಹಾಕ್ತಿದ್ದೆ."

"ಮತ್ಯಾಕೆ ದಿನಾ ನೋಡಿ ನೋಡಿ ತಲೆ ಅಲ್ಲಾಡಿಸ್ತಿದ್ದೆ?"

"ಸಿಕ್ತು ಅಂದಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ. ಮುಖ ತೋರ್ಸೋಕಾಗ್ದೆ ಆ ಅಂಗಡಿ ಬಾಗಿಲು ಹಾಕ್ಕಂಡು ಉಪವಾಸ ಕೂರ್ತಿದ್ದೆ. ಹೆಗಲ ಮೇಲೆ ಕೂರ್ಸ್ಕಂಡು ಸಾಕಿದ್ರು ನಿನ್ನ. ನೀನೂ ಹೋಗ್ಬಿಟ್ರೆ ನಾನು ಯಾರಿಗೆ ಬ್ಯಾಟ್ರಿ ಹಿಡೀಲೋ?" ಮೊದಲ ಸಲ ಜೋರಾಗಿ ಅತ್ತಳು. ನಾನು ಅವಳ ಕಾಲ ಬಳಿ ಕೂತು ಅತ್ತೆ. ಅಕ್ಕಪಕ್ಕದ ಮಾಳಿಗೆಯವರು ಕೆಳಗಿಳಿದು ಹೋದರು. ಬೆಳಕು ಪೂರ್ತಿ ಬಂದ ಮೇಲೆ ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. "ಅವ್ರು ಕಂಡ ಬೆಳಕು ಅವ್ರ ಜೊತೆ ಹೋಯ್ತು. ಇದನ್ನ ನೀನು ಕಲ್ಕೋ. ನಾಳೆ ಬಯಲಿಗೆ ಹೋಗಿ ನಿಂತ್ಕೋ."

ಮಾರನೆಯ ದಿನ ಹೋದೆ. ಭಾವ ನಿಂತಿದ್ದ ಜಾಗದಲ್ಲೇ ನಿಂತು, ಮುಸುಕು ಬಿದ್ದ ಮೇಲೆ ನನ್ನ ಬ್ಯಾಟರಿ ಆರಿಸಿದೆ. ಊರಿನ ಮಾಳಿಗೆಗಳ ಮೇಲೆ ಬೆಳಕುಗಳು ಒಂದೊಂದಾಗಿ ಹತ್ತಿಕೊಂಡವು. ಎಲ್ಲವೂ ನನ್ನ ಕೈ ಮುಟ್ಟಿದವೇ, ಯಾವುದು ಯಾರದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಅಕ್ಕನದು ಕಾಣಲಿಲ್ಲ. ಕಣ್ಣುಜ್ಜಿಕೊಂಡು ನೋಡಿದೆ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಇಲ್ಲ. ಮೆಟ್ಟಿಲಿನಲ್ಲಿ ಜಾರಿದಳೇ, ಒಲೆಯ ಮುಂದೆ ಬಿದ್ದಳೇ, ಏನಾದರೂ ಮಾಡಿಕೊಂಡಳೇ? ಅಕ್ಕಾ ಎಂದು ಕೂಗಿದೆ, ನನ್ನ ಕೂಗು ನನಗೇ ಕೇಳಲಿಲ್ಲ. ಭಾವನಿಗೆ ಆಗಿದ್ದು ಇದು ಎಂದು ಆ ಕ್ಷಣದಲ್ಲಿ ನನಗೆ ತಿಳಿಯಿತು. ತಿಳಿದರೂ ಕಾಲು ನಿಲ್ಲಲಿಲ್ಲ. ದಾರಿ ಬಿಟ್ಟು ನೆಟ್ಟಗೆ ಹೊರಟುಬಿಟ್ಟಿದ್ದೆ.

ಹಿಂದಿನಿಂದ ಒಂದು ಕೈ ನನ್ನ ಅಂಗಿಯನ್ನು ಗಪ್ಪನೆ ಹಿಡಿಯಿತು. ಕೊಸರಿದೆ, ಬಿಡಲಿಲ್ಲ. ಅಂಗಿಯ ಎರಡು ಗುಂಡಿಗಳು ಕಿತ್ತುಹೋದವು, ಆದರೂ ಬಿಡಲಿಲ್ಲ. ಆ ಕೈಯ ಒರಟಿನಿಂದಲೇ ಬುಡೇನ್ ಸಾಬರು ಎಂದು ಗೊತ್ತಾಯಿತು. ಅವರು ನನ್ನನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತರು. ಅವರ ಉಸಿರು ನನ್ನ ಕತ್ತಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಅಲ್ಲಿ ಒಂದು ಬೆಳಕು ಹತ್ತಿತು. ಅಕ್ಕ ಅವತ್ತು ಮೆಟ್ಟಿಲು ಹತ್ತುವುದು ತಡವಾಗಿತ್ತು, ಅಷ್ಟೆ. ಹಳದಿ, ಹಳೆಯದಕ್ಕಿಂತ ತುಸು ಕೆಂಪು, ಒಮ್ಮೆ ಮಂಕಾಗಿ ಮತ್ತೆ ಸರಿಹೋಯಿತು. ನಾನು ಅದನ್ನು ನೋಡುತ್ತ ದಾರಿಗೆ ಬಂದು, ಗುಂಡಿಯನ್ನು ಬಲಕ್ಕೆ ಬಿಟ್ಟು ನಡೆದೆ. ಅಕ್ಕನ ಮನೆಯ ಮೆಟ್ಟಿಲು ಕಾಲಿಗೆ ತಾಗುವವರೆಗೂ ಬುಡೇನ್ ಸಾಬರು ನನ್ನ ಅಂಗಿ ಬಿಡಲಿಲ್ಲ.